ಕೈ ತಾನಾಗಿಯೇ ತಲೆಗೆ ಹೋಗುತ್ತದೆ: ಕೂದಲು ಕೀಳುವವರು, ಉಗುರು ಕಡಿಯುವವರು ಇಲ್ಲಿ ಯಾರಾದರೂ ಇದ್ದೀರಾ?

ನವನಗರದ ಶಿಕ್ಷಕಿ, ಬಾಗಲಕೋಟೆ (ಭಾನುವಾರ ರಾತ್ರಿ)

ಇಪ್ಪತ್ತಾರು ವರ್ಷ ಮುಚ್ಚಿಟ್ಟ ವಿಷಯವನ್ನು ಹೆಸರು ಮರೆಸಿಕೊಂಡು ಬರೆಯುತ್ತಿದ್ದೇನೆ. ನನ್ನ ತಲೆಗೂದಲನ್ನು ನಾನೇ ಕೀಳುತ್ತೇನೆ. ಸಿಟ್ಟಿನಲ್ಲಿ ಕಿತ್ತುಕೊಳ್ಳುವುದಲ್ಲ. ಉತ್ತರಪತ್ರಿಕೆ ತಿದ್ದುತ್ತಾ, ಧಾರಾವಾಹಿ ನೋಡುತ್ತಾ, ಒಂದೊಂದಾಗಿ, ಬೇರುಸಹಿತ ಕೀಳುತ್ತೇನೆ. ಹೆಬ್ಬೆರಳು ಮತ್ತು ತೋರುಬೆರಳು ಸೇರಿ ಸ್ವಲ್ಪ ಒರಟಾದ ಕೂದಲೊಂದನ್ನು ಹುಡುಕುತ್ತವೆ. ಸಿಕ್ಕಿತು ಎಂದರೆ ಮುಗಿಯಿತು, ಅದು ಹೊರಗೆ ಬರಲೇಬೇಕು. ಆ ಕ್ಷಣ ಒಂದು ಬಗೆಯ ಹಗುರ. ಮರುಕ್ಷಣ ನೆಲದ ಮೇಲೆ ಬಿದ್ದದ್ದನ್ನು ನೋಡಿ ಹೇಸಿಗೆ.

ನಡುನೆತ್ತಿಯಲ್ಲಿ ಅಂಗೈಯಗಲ ಬೋಳು. ಮದುವೆಯಾದ ಮನೆಯಲ್ಲಿ ಸೊಸೆಯಂದಿರು ತಲೆಯ ಮೇಲೆ ಸೆರಗು ಹೊದೆಯುವ ಪದ್ಧತಿ ಇತ್ತು. ಬೇರೆಯವರಿಗೆ ಅದು ಕಿರಿಕಿರಿ, ನನಗೆ ಆಸರೆ. ಮೈದುನನ ಮಗನ ಜವಳದ ದಿನ ಆ ಸೆರಗು ಜಾರಿತು. ಮಗುವಿನ ತಲೆ ಬೋಳಿಸುವುದನ್ನು ನೋಡಲು ಸೇರಿದ್ದವರೆಲ್ಲ ನನ್ನ ತಲೆಯನ್ನು ನೋಡಿದರು. ಅತ್ತೆ "ಹುಳ ತಿಂದಿದೆ" ಎಂದರು, ನಾನೂ ಹೌದೆಂದೆ. ಚರ್ಮದ ವೈದ್ಯರಿಗೂ ಅದನ್ನೇ ಹೇಳಿ ನಾಲ್ಕು ತಿಂಗಳು ಮುಲಾಮು ಹಚ್ಚಿದೆ. ಸುಳ್ಳು ನನ್ನದು, ಅವರನ್ನು ದೂರುವುದಿಲ್ಲ.

ಕಳೆದ ವರ್ಷ ಧಾರವಾಡದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಕಂಡೆ. ಎಂಟು ಭೇಟಿ ಮುಗಿದಿವೆ. ಬೋಳು ಈಗ ಎಂಟಾಣೆಯಷ್ಟಾಗಿದೆ. ಅವರು ಮಾಡಿಸಿದ್ದು ಔಷಧಿಯ ಚಿಕಿತ್ಸೆಯಲ್ಲ, ಕೈಗೆ ಕೊಟ್ಟ ತರಬೇತಿ. ನಮ್ಮ ಕಡೆ ಇದನ್ನು ಮಾಡಿಸಿಕೊಂಡವರು ಬೇರೆ ಯಾರಾದರೂ ಇದ್ದರೆ ತಿಳಿಯುವ ಆಸೆ. ಇಲ್ಲದಿದ್ದರೆ ನನ್ನಷ್ಟಕ್ಕೆ ನಾನು ಬರೆದುಕೊಂಡೆ ಎಂದುಕೊಳ್ಳುತ್ತೇನೆ.

ಹಳೆಯ ಮಾಸ್ತರ, ಮುಧೋಳ

ತಂಗೀ, ಬೇಸರ ಮಾಡಿಕೊಳ್ಳಬೇಡಿ. ಕೀಳಬಾರದು ಎಂದು ಗೊತ್ತಿದೆ, ಕೈ ನಿಮ್ಮದೇ. ಕೀಳುವುದನ್ನು ಬಿಟ್ಟರಾಯಿತು. ಇದಕ್ಕೆ ಧಾರವಾಡದವರೆಗೆ ಹೋಗಬೇಕೇ? ನಮ್ಮ ಕಾಲದಲ್ಲಿ ಉಗುರು ಕಡಿದರೆ ಗೆಣ್ಣಿನ ಮೇಲೆ ಕಟ್ಟಿಗೆಯ ಪಟ್ಟಿಯ ಏಟು ಬೀಳುತ್ತಿತ್ತು, ಬಿಡುತ್ತಿದ್ದೆವು.

ನವನಗರದ ಶಿಕ್ಷಕಿ

ಮಾಸ್ತರರೇ, "ಬಿಟ್ಟುಬಿಡು" ಎಂಬುದನ್ನು ನಾನು ನನಗೇ ಎಷ್ಟು ಸಲ ಹೇಳಿಕೊಂಡಿರಬೇಡ! ಕನ್ನಡಿಯ ಮುಂದೆ ಆಣೆ ಮಾಡಿದ್ದೇನೆ, ಬನಶಂಕರಿಗೆ ಹರಕೆ ಹೊತ್ತಿದ್ದೇನೆ. ಸವದತ್ತಿಗೆ ಹೋಗಿ ಮುಡಿಯನ್ನೂ ಕೊಟ್ಟೆ, ಕೂದಲೇ ಇಲ್ಲದಿದ್ದರೆ ಏನು ಕೀಳುತ್ತೀಯ ಎಂದುಕೊಂಡು. ಬೆರಳಿಗೆ ಸಿಗುವಷ್ಟು ಬೆಳೆಯುವವರೆಗೆ ನೆಮ್ಮದಿಯಾಗಿದ್ದೆ. ಸಿಕ್ಕ ದಿನವೇ ಶುರು. ಬಿಡಬೇಕು ಎಂಬ ಮನಸ್ಸು ಎಚ್ಚರವಾಗುವ ಹೊತ್ತಿಗೆ ಇಪ್ಪತ್ತು ಕೂದಲು ನೆಲದ ಮೇಲಿರುತ್ತವೆ. ಕೈ ಹೊರಟದ್ದೇ ಗೊತ್ತಾಗದಿದ್ದರೆ ಏನನ್ನು ಬಿಡುವುದು?

ಬಿಳಿ ಕೋಟು ಇಲ್ಲದವಳು, ಬೆಳಗಾವಿ

ನಾನು ಮನಶ್ಶಾಸ್ತ್ರದ ಕೆಲಸದಲ್ಲಿರುವವಳು. ಶಿಕ್ಷಕಿಯವರ ಕೊನೆಯ ಪ್ರಶ್ನೆಯಿಂದಲೇ ಈ ಚಿಕಿತ್ಸೆ ಆರಂಭವಾಗುತ್ತದೆ.

ಕೂದಲು ಕೀಳುವ ತೊಂದರೆಗೆ 1889ರಲ್ಲಿ ಅಲೊಪೊ ಎಂಬ ಫ್ರೆಂಚ್ ಚರ್ಮವೈದ್ಯರು ಟ್ರೈಕೋಟಿಲೋಮೇನಿಯಾ ಎಂದು ಹೆಸರಿಟ್ಟರು. ಹೆಸರಿನ ಬಾಲದಲ್ಲಿ 'ಮೇನಿಯಾ' ಇರುವುದರಿಂದ ಹುಚ್ಚು ಎಂದು ಭಾವಿಸಬೇಡಿ, ಹಾಗಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಇದನ್ನು ಗೀಳಿನ ಕಾಯಿಲೆಗಳ ಬಳಗಕ್ಕೆ ಸೇರಿಸಿತು, ಚರ್ಮ ಕೆರೆದು ಗಾಯ ಮಾಡಿಕೊಳ್ಳುವುದನ್ನೂ ಪಕ್ಕದಲ್ಲಿ ಕೂರಿಸಿತು. ನೂರರಲ್ಲಿ ಒಬ್ಬರೋ ಇಬ್ಬರೋ ಕೂದಲು ಕೀಳುವವರು ಇರುತ್ತಾರೆ ಎಂಬುದು ಸಾಮಾನ್ಯ ಅಂದಾಜು. ಬಹುಪಾಲು ಜನರಿಗೆ ಶುರುವಾಗುವುದು ಹತ್ತು-ಹದಿಮೂರರ ವಯಸ್ಸಿನಲ್ಲಿ.

ತರಬೇತಿಯ ಹೆಸರು ಹ್ಯಾಬಿಟ್ ರಿವರ್ಸಲ್, ಅಂದರೆ ಅಭ್ಯಾಸವನ್ನು ಹಿಂದಕ್ಕೆ ತಿರುಗಿಸುವುದು. ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಕ್ರಮ. ಅವರ ಮೊದಲ ವರದಿಯಲ್ಲಿದ್ದವರು ಕೇವಲ 12 ಜನ. ಉಗುರು ಕಡಿಯುವವರು, ರೆಪ್ಪೆ ಕೀಳುವವರು, ಭುಜ ಕುಣಿಸುವವರು ಎಲ್ಲರೂ ಇದ್ದರು. ಮೊದಲ ದಿನವೇ ಅಭ್ಯಾಸ ಹೆಚ್ಚುಕಡಿಮೆ ನಿಂತಿತು ಎಂದು ಅವರು ಬರೆದರು. ನಾನು ಕಂಡವರಲ್ಲಿ ಯಾರಿಗೂ ಮೊದಲ ದಿನ ನಿಂತಿಲ್ಲ, ಹಾಗಾಗಿ ಆ ಸಾಲನ್ನು ಓದಿ ಯಾರೂ ಆಸೆಪಡಬೇಡಿ. ಆದರೂ ಐವತ್ತು ವರ್ಷಗಳಿಂದ ಬೇರೆ ಬೇರೆ ಕಡೆ ಪರೀಕ್ಷೆಯಾಗಿ ಇಂದಿಗೂ ಈ ತೊಂದರೆಗೆ ಮೊದಲು ಹೇಳುವುದು ಇದನ್ನೇ.

ಮಾಸ್ತರರಿಗೆ ಒಂದು ಮಾತು. ನೀವು ಮೀಸೆ ತಿರುವುತ್ತೀರಾ? ತಿರುವುವವರಾದರೆ ನಾಳೆ ಎಷ್ಟು ಸಲ ಎಂದು ಎಣಿಸಿ ನೋಡಿ.

ರೂಮು ನಂಬರ್ 4, ವಿಜಯಪುರ

ಅಕ್ಕಾ, ನೀವು ಬರೆದದ್ದನ್ನು ಮೂರು ಸಲ ಓದಿದೆ. ನನ್ನದು ಕೂದಲಲ್ಲ, ಮುಖ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಇಂಡಿ ತಾಲ್ಲೂಕಿನಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದೇನೆ. ಮೊಡವೆ ಇರುವುದು ಮೂರು, ಗಾಯ ಇರುವುದು ಹದಿನೈದು. ಕೈ ತೊಳೆಯಲು ಹೋದವನು ಬೇಸಿನ್ ಮೇಲಿನ ಕನ್ನಡಿಯ ಮುಂದೆ ನಲವತ್ತು ನಿಮಿಷ ನಿಂತಿರುತ್ತೇನೆ. ಹೊರಗೆ ಸಾಲುಗಟ್ಟಿದವರು ಬಾಗಿಲು ಬಡಿದಾಗಲೇ ಎಚ್ಚರ. ಕನ್ನಡಿಗೆ ಪತ್ರಿಕೆ ಅಂಟಿಸಿದೆ, ಆಗ ಮೊಬೈಲ್ ಕ್ಯಾಮೆರಾ ಕನ್ನಡಿಯಾಯಿತು. ಊರಿಗೆ ಹೋದರೆ ಅವ್ವ "ಯಾರು ಹೊಡೆದರು?" ಎಂದು ಕೇಳುತ್ತಾಳೆ. ಆ ತರಬೇತಿಯಲ್ಲಿ ನಿಜವಾಗಿ ಏನು ಮಾಡಿಸಿದರು ಎಂದು ಬಿಡಿಸಿ ಬರೆಯುತ್ತೀರಾ?

ನವನಗರದ ಶಿಕ್ಷಕಿ

ಬರೆಯುತ್ತೇನೆ ತಮ್ಮಾ, ಸ್ವಲ್ಪ ಉದ್ದವಾಗುತ್ತದೆ.

ನಾನು ಮೊದಲ ಭೇಟಿಗೆ ಕಾರಣ ಸಿದ್ಧಮಾಡಿಕೊಂಡು ಹೋಗಿದ್ದೆ. ನನಗೆ ಹನ್ನೆರಡು ತುಂಬಿದಾಗ ಹಳೆಯ ಬಾಗಲಕೋಟೆಯ ನಮ್ಮ ಮನೆ ಮುಳುಗಡೆಯ ಪಟ್ಟಿಯಲ್ಲಿತ್ತು. ಆಲಮಟ್ಟಿಯ ಹಿನ್ನೀರು, ಪರಿಹಾರದ ಜಗಳ, ಅಜ್ಜಿ ಬಾಗಿಲ ಹೊಸ್ತಿಲು ಹಿಡಿದು ಅತ್ತದ್ದು. ಕೀಳಲು ಶುರುಮಾಡಿದ್ದೂ ಆ ವರ್ಷವೇ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಇರಬಹುದು. ಈಗ ಹೇಳಿ, ನಿನ್ನೆ ಸಂಜೆ ಕೈ ಮೇಲೆ ಹೋಗುವ ಮೊದಲು ಮೊಣಕೈ ಎಲ್ಲಿತ್ತು?" ಎಂದರು. ನನಗೆ ಸಿಟ್ಟೇ ಬಂದಿತು. ಊರು ಮುಳುಗಿದ ಕಥೆ ಹೇಳಿದರೆ ಈಕೆ ಮೊಣಕೈ ಕೇಳುತ್ತಾರಲ್ಲ!

ಆದರೆ ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ತಿಳಿಯುವುದೇ ಮೊದಲ ಎರಡು ವಾರದ ಕೆಲಸ. ಬಿಡಬೇಕಾಗಿಲ್ಲ, ಬರೀ ಬರೆದಿಡಬೇಕು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇತ್ತು, ಅರ್ಧ ಲೀಟರ್, ಒಂದು ಲೀಟರ್ ಎಂಬುದರ ಕೆಳಗೆ ಕೂದಲ ಲೆಕ್ಕ. ಕಿತ್ತದ್ದನ್ನು ಎಸೆಯದೆ ಲಕೋಟೆಯಲ್ಲಿ ಹಾಕಿಡಬೇಕು. ಎಷ್ಟು ಗಂಟೆ, ಎಲ್ಲಿ ಕುಳಿತಿದ್ದೆ, ಯಾವ ಕೈ, ಕಿತ್ತ ಮೇಲೆ ಏನು ಮಾಡಿದೆ ಎಂಬುದೆಲ್ಲ ಬೇಕು. ನಾನು ತುಟಿಗೆ ಸವರಿಕೊಳ್ಳುತ್ತೇನೆ ಎಂಬುದು ನನಗೇ ಆಗ ಗೊತ್ತಾಯಿತು. ಬರೆಯಲು ನಾಚಿಕೆಯಾಗುತ್ತದೆ, ಬರೆದೆ.

ಎರಡು ವಾರದ ಲೆಕ್ಕ ನೋಡಿದರೆ ವಿಚಿತ್ರ. ಮನೆಯಲ್ಲಿ ಜಗಳವಾದ ದಿನ ಹೆಚ್ಚೇನೂ ಇಲ್ಲ. ರೊಟ್ಟಿ ಬಡಿಯುವಾಗ ಸೊನ್ನೆ. ಕೈತುಂಬ ಜೋಳದ ಹಿಟ್ಟು, ಬೆರಳಿಗೆ ಬಿಡುವೇ ಇಲ್ಲ. ತರಗತಿಯಲ್ಲಿ ಸೊನ್ನೆ. ಸಂಜೆ ನಾಲ್ಕರಿಂದ ಆರು, ಕೈಯಿರುವ ಕುರ್ಚಿಯಲ್ಲಿ ಕುಳಿತು ಪತ್ರಿಕೆ ತಿದ್ದುವಾಗ ರಾಶಿ. ಬಸ್ಸಿನ ಕಿಟಕಿಯ ಪಕ್ಕ ಕುಳಿತರೆ ರಾಶಿ. ಎರಡರಲ್ಲೂ ಮೊಣಕೈಗೆ ಊರಲು ಜಾಗವಿತ್ತು. ಮೊಣಕೈ ಊರುತ್ತದೆ, ಕೆನ್ನೆ ಅಂಗೈಗೆ ಒರಗುತ್ತದೆ, ಬೆರಳು ಕಿವಿಯ ಹಿಂದೆ ಹೋಗುತ್ತದೆ, ಅಲ್ಲಿಂದ ನೆತ್ತಿಗೆ. ಇಷ್ಟು ದಿನ ನಾನು ಕಾವಲು ಕುಳಿತದ್ದು ನೆತ್ತಿಯಲ್ಲಿ, ಕಳ್ಳ ಹೊರಡುತ್ತಿದ್ದುದು ಮೊಣಕೈಯಿಂದ.

ಆಮೇಲೆ ಎದುರು ಕೆಲಸ. ಕೈ ಹೊರಟದ್ದು ತಿಳಿದ ಕೂಡಲೇ, ಅಥವಾ ಬರೀ ತುಡಿತ ಎದ್ದರೂ ಸರಿ, ಕೀಳಲು ಸಾಧ್ಯವೇ ಆಗದ ಇನ್ನೊಂದು ಭಂಗಿಯಲ್ಲಿ ಕೈಯನ್ನು ಒಂದು ನಿಮಿಷವಾದರೂ ಇಡಬೇಕು, ತುಡಿತ ಇಳಿಯುವವರೆಗೆ. ಯಾರ ಕಣ್ಣಿಗೂ ಬೀಳಬಾರದು, ಯಾವ ಸಾಮಾನೂ ಬೇಕಾಗಬಾರದು. ನಾನು ಜಾಣತನದಿಂದ "ತಾಳಿಸರ ಹಿಡಿದುಕೊಳ್ಳುತ್ತೇನೆ" ಎಂದೆ. ಅವರು ನಕ್ಕು, ಕೈ ಕೊರಳಿನವರೆಗೆ ಹೋದರೆ ಅರ್ಧ ದಾರಿ ಹೋದಂತೆಯೇ ಅಲ್ಲವೇ ಎಂದರು. ಕೊನೆಗೆ ಗೊತ್ತಾದದ್ದು ಇದು: ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ, ಮುಷ್ಟಿ ತೊಡೆಯ ಮೇಲೆ, ಮೊಣಕೈ ಪಕ್ಕೆಗೆ ಒತ್ತಿ. ಅವರ ಮುಂದೆಯೇ ಅದನ್ನು ಹತ್ತಾರು ಸಲ ಅಭ್ಯಾಸ ಮಾಡಿಸಿದರು, ಮಕ್ಕಳಿಗೆ ಅಕ್ಷರ ತಿದ್ದಿಸುವಂತೆ.

ತುಡಿತ ತಡೆದರೆ ಏರುತ್ತಲೇ ಹೋಗುತ್ತದೆ ಎಂದು ನಂಬಿದ್ದೆ. ಏರುವುದು ನಿಜ. ಆದರೆ ಹಾಲು ಉಕ್ಕಿ ಇಳಿಯುವಂತೆ ಇಳಿಯುವುದೂ ನಿಜ. ಇದನ್ನು ನಂಬಲು ನನಗೆ ಹನ್ನೊಂದು ದಿನ ಬೇಕಾಯಿತು. ಕೈಯಿಲ್ಲದ ಮರದ ಕುರ್ಚಿ ತಂದೆವು, ಪತ್ರಿಕೆ ತಿದ್ದುವ ಜಾಗ ಅಡುಗೆಮನೆಯ ಮುಂದಕ್ಕೆ ಬಂದಿತು. ಅದೂ ಚಿಕಿತ್ಸೆಯ ಭಾಗವೇ.

ಮನೆಯವರ ವಿಷಯವನ್ನು ಇನ್ನೊಮ್ಮೆ ಬರೆಯುತ್ತೇನೆ, ಮಗಳು ಕರೆಯುತ್ತಿದ್ದಾಳೆ.

ಗೋಕಾಕದ ಅಪ್ಪ

ನನ್ನ ಮಗನಿಗೆ ಒಂಬತ್ತು ವರ್ಷ. ಹತ್ತೂ ಬೆರಳಿನ ಉಗುರು ಕಡಿಯುತ್ತಾನೆ. ಬೇವಿನ ಎಲೆ ಅರೆದು ಹಚ್ಚಿದೆವು, ಈಗ ಅವನಿಗೆ ಕಹಿಯೇ ರೂಢಿಯಾಗಿದೆ. ಎರಡು ಸಲ ಹೊಡೆದೆ. ಹೊಡೆದ ರಾತ್ರಿ ರಕ್ತ ಬರುವಂತೆ ಕಡಿದುಕೊಂಡ. ಅವನ ತಾಯಿ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ದಾರಿ ಹೇಳಿ.

ಬಿಳಿ ಕೋಟು ಇಲ್ಲದವಳು

ಅಣ್ಣಾ, ಆ ವಯಸ್ಸಿನಲ್ಲಿ ಉಗುರು ಕಡಿಯುವುದು ಬಹಳ ಸಾಮಾನ್ಯ, ಹೆಚ್ಚಿನ ಮಕ್ಕಳು ತಾವಾಗಿಯೇ ಬಿಡುತ್ತಾರೆ. ರಕ್ತ, ಕೀವು, ಬೆರಳು ಊದಿಕೊಳ್ಳುವುದು ಇದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಹೊಡೆಯುವುದನ್ನು ಇವತ್ತೇ ನಿಲ್ಲಿಸಿ. ಅದರಿಂದ ಮಗು ಕಲಿಯುವುದು ನಿಮಗೆ ಕಾಣದಂತೆ ಕಡಿಯುವುದನ್ನು. ಕಹಿ ಹಚ್ಚುವುದೇ ತಪ್ಪಲ್ಲ, ಅವನೇ ಒಪ್ಪಿ ನೆನಪಿಗೆಂದು ಹಚ್ಚಿಕೊಂಡರೆ ಕೆಲವರಿಗೆ ನೆರವಾಗುತ್ತದೆ. ನೀವು ಹಿಡಿದು ಹಚ್ಚಿದರೆ ಅದು ಬೇವಿನ ರೂಪದ ಏಟು, ಅಷ್ಟೇ. ಉಗುರಿನ ಅಂಚು ಮುಳ್ಳಿನಂತೆ ಎದ್ದಿದ್ದರೆ ಹಲ್ಲು ಅದನ್ನೇ ಹುಡುಕುತ್ತದೆ. ಉಗುರು ಕತ್ತರಿಯನ್ನೂ ಅಂಚು ಉಜ್ಜುವ ಪಟ್ಟಿಯನ್ನೂ ಅವನ ಕೈಗೇ ಕೊಡಿ. ಕಡಿಯದೆ ಬಿಡಲು ಒಂದು ಬೆರಳನ್ನು ಆರಿಸಿಕೊಳ್ಳಲು ಹೇಳಿ, ಹತ್ತು ಬೇಡ, ಒಂದೇ. ಆ ಒಂದು ಉಗುರು ಬೆಳೆದರೆ ಮನೆಯಲ್ಲಿ ಎಲ್ಲರೂ ನೋಡಿ ಮೆಚ್ಚಿ.

ರೂಮು ನಂಬರ್ 4, ನಿನ್ನ ವಿಷಯದಲ್ಲಿ ಕನ್ನಡಿ ಮುಚ್ಚಿದ್ದು ಸರಿಯಾದ ದಾರಿಯೇ, ಅರ್ಧಕ್ಕೆ ನಿಂತಿದೆ. ಚರ್ಮದ ಸಣ್ಣ ಉಬ್ಬನ್ನು ಬೆರಳ ತುದಿ ತಡವಿ ಕಂಡುಹಿಡಿಯುತ್ತದೆಯೇ, ಕಣ್ಣು ಕಂಡುಹಿಡಿಯುತ್ತದೆಯೇ ಎಂದು ಮೊದಲು ನೋಡಿಕೊ. ಬೆರಳಾದರೆ ಓದುವಾಗ ಹೆಬ್ಬೆರಳಿಗೂ ತೋರುಬೆರಳಿಗೂ ಗಾಯದ ಪಟ್ಟಿ ಸುತ್ತು, ಸ್ಪರ್ಶವೇ ಸಿಗದಂತೆ. ಕಣ್ಣಾದರೆ ಬೇಸಿನ್ನಿನ ಬಲ್ಬ್ ಮಂದವಾದದ್ದಿರಲಿ, ಕನ್ನಡಿಯಿಂದ ಒಂದು ತೋಳು ದೂರ ನಿಲ್ಲು. ಮೊಡವೆಗೆ ಚರ್ಮವೈದ್ಯರನ್ನೂ ಕಾಣು, ಉಬ್ಬು ಕಡಿಮೆಯಾದರೆ ಕೈಗೂ ಕೆಲಸ ಕಡಿಮೆ.

ಮಗ್ಗದ ಮನೆ, ಇಳಕಲ್

ನಾನು ಕಣ್ಣಿನ ರೆಪ್ಪೆಗೂದಲು ಕೀಳುತ್ತೇನೆ. ಇದಕ್ಕೆ ಹೆಸರಿದೆ ಎಂದು ಇವತ್ತು ತಿಳಿಯಿತು. ಐವತ್ತೊಂದು ವರ್ಷ ನನಗೆ.

ಶಿಕ್ಷಕಿಯವರ ರೊಟ್ಟಿಯ ಮಾತು ನಿಜ. ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವಾಗ ಒಂದು ರೆಪ್ಪೆಯನ್ನೂ ಮುಟ್ಟುವುದಿಲ್ಲ. ಮಗ್ಗ ನಿಂತ ದಿನ, ರಾತ್ರಿ ನಿದ್ದೆ ಬಾರದಾಗ, ಎಲ್ಲಾ ಒಟ್ಟಿಗೆ. ನಮ್ಮ ಅತ್ತೆ ಇದ್ದಾಗ ಸಂಜೆ ಹತ್ತಿ ಕೊಟ್ಟು ಬತ್ತಿ ಹೊಸೆಯಲು ಕೂರಿಸುತ್ತಿದ್ದರು. ಅವರಿಗೆ ಏನು ಗೊತ್ತಿತ್ತೋ ಗೊತ್ತಿಲ್ಲ. ಒಂದು ಲಕ್ಷ ಬತ್ತಿಯ ಹರಕೆ ಎಂದು ಹೇಳುತ್ತಿದ್ದರು, ಕೈ ಮಾತ್ರ ಸುಮ್ಮನಿರುತ್ತಿತ್ತು. ಅವರು ಹೋದ ಮೇಲೆ ಹತ್ತಿ ತರುವುದು ನಿಂತಿತು.

ನಿರ್ವಾಹಕರು

ಕೇಶತೈಲದ ಜಾಹೀರಾತು ಹಾಕಿದ ಎರಡು ಸಂದೇಶಗಳನ್ನು ತೆಗೆದಿದ್ದೇವೆ. ಎಣ್ಣೆಯಿಂದ ಕೈ ನಿಲ್ಲುವುದಿಲ್ಲ.

ನವನಗರದ ಶಿಕ್ಷಕಿ

ನಿರ್ವಾಹಕರೇ, ತೆಗೆದದ್ದು ಒಳ್ಳೆಯದಾಯಿತು. ಆದರೆ ಸತ್ಯ ಹೇಳಬೇಕೆಂದರೆ ಸಾದಾ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಕೂದಲು ಬೆರಳಿಗೆ ಸಿಗದೆ ಜಾರುತ್ತದೆ! ಮನಶ್ಶಾಸ್ತ್ರಜ್ಞೆಯೇ ಅದನ್ನು ಪಟ್ಟಿಯಲ್ಲಿ ಬರೆಸಿದ್ದರು.

ಇಳಕಲ್ ಅಕ್ಕಾ, ನಿಮ್ಮ ಅತ್ತೆ ದೊಡ್ಡವರು. ಹತ್ತಿ ಮತ್ತೆ ತರಿಸಿ.

ಈಗ ಮನೆಯವರ ವಿಷಯ. ಮೊದಲು ನಮ್ಮವರು ನನ್ನ ಕೈ ಮೇಲೇರಿದರೆ "ಮತ್ತೆ ಶುರುವಾಯಿತು" ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಅದನ್ನು ಕೇಳಿದ ಕೂಡಲೇ ಎದ್ದು ಸ್ನಾನದ ಕೋಣೆಗೆ ಹೋಗಿ ಇನ್ನಷ್ಟು ಕೀಳುತ್ತಿದ್ದೆ. ಮೂರನೆಯ ಭೇಟಿಗೆ ಅವರನ್ನೂ ಕರೆತರಲು ಹೇಳಿದರು. ಅಲ್ಲಿ ಒಪ್ಪಂದವಾದದ್ದು: ಬೈಗುಳವಿಲ್ಲ, ನೋಟವಿಲ್ಲ, ನಾನೇ ಆರಿಸಿದ ಒಂದು ಮಾತು ಮಾತ್ರ. ನಾನು ಆರಿಸಿದ್ದು "ಚಹಾ ಮಾಡಲೇ?" ಅವರು ಕೇಳುತ್ತಾರೆ, ನಾನು ಮುಷ್ಟಿ ಹಿಡಿಯುತ್ತೇನೆ. ನಾನಾಗಿಯೇ ಹಿಡಿದದ್ದು ಕಂಡರೆ "ಸಕ್ಕರೆ ಸರಿಯಾಗಿದೆ" ಎನ್ನುತ್ತಾರೆ. ನಮ್ಮ ಮಗಳಿಗೆ ಒಂದೇ ಆಶ್ಚರ್ಯ, ಅಪ್ಪ ದಿನಕ್ಕೆ ಇಪ್ಪತ್ತು ಸಲ ಚಹಾ ಕೇಳುತ್ತಾನೆ, ಒಮ್ಮೆಯೂ ಮಾಡುವುದಿಲ್ಲ ಎಂದು.

ಹಳೆಯ ಮಾಸ್ತರ

ಬೆಳಗಾವಿಯವರ ಸವಾಲಿನಂತೆ ಎಣಿಸಿದೆ. ಬೆಳಗಿನ ಪತ್ರಿಕೆಯಿಂದ ಮಧ್ಯಾಹ್ನದ ಊಟದವರೆಗೆ 41 ಸಲ ಮೀಸೆಗೆ ಕೈ ಹೋಯಿತು. ಅದರಲ್ಲಿ ಹೋಗುವಾಗಲೇ ಗೊತ್ತಾದದ್ದು ಆರೋ ಏಳೋ. ಉಳಿದದ್ದನ್ನು ನನ್ನ ಹೆಂಡತಿ ಎಣಿಸಿದಳು, ಬಹಳ ಉತ್ಸಾಹದಿಂದ. ಆದರೂ ಇದನ್ನು ಕಾಯಿಲೆ ಎನ್ನಲು ನಾನು ಒಪ್ಪುವುದಿಲ್ಲ.

ಬಿಳಿ ಕೋಟು ಇಲ್ಲದವಳು

ನಿಮ್ಮದು ಕಾಯಿಲೆಯಲ್ಲ ಮಾಸ್ತರರೇ, ಮೀಸೆ ತಿರುವುವುದು ಮೀಸೆ ತಿರುವುವುದೇ. ಕೂದಲು ಉದುರಿ ಬೋಳಾಗುವಷ್ಟು, ಗಾಯವಾಗುವಷ್ಟು ಮಾಡಿ, ನಿಲ್ಲಿಸಲು ಮತ್ತೆ ಮತ್ತೆ ಹೆಣಗಿ ಸೋತು, ಅದರಿಂದ ಮದುವೆ ಮನೆ, ಕೆಲಸ, ಕ್ಷೌರದ ಅಂಗಡಿಯನ್ನು ತಪ್ಪಿಸಿಕೊಳ್ಳುವ ಸ್ಥಿತಿ ಬಂದರೆ ಅದು ಕಾಯಿಲೆ.

ಒಂದು ಎಚ್ಚರಿಕೆ ಎಲ್ಲರಿಗೂ. ಕಿತ್ತ ಕೂದಲನ್ನು ನುಂಗುವವರಿದ್ದರೆ ಮುಚ್ಚಿಡಬೇಡಿ. ಕೂದಲು ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಹೊಟ್ಟೆನೋವು, ವಾಂತಿ, ಊಟ ಸೇರದಿರುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ವೈದ್ಯರಿಗೆ ನಿಜ ಹೇಳಿ. ಹುಳ ತಿಂದಂತಾದ ಬೋಳು ನುಣ್ಣಗಿರುತ್ತದೆ, ಕಿತ್ತ ಜಾಗದಲ್ಲಿ ಉದ್ದ-ಗಿಡ್ಡ ತುಂಡುಗೂದಲು ಇರುತ್ತದೆ, ಭೂತಗನ್ನಡಿ ಹಿಡಿದರೆ ತಿಳಿದೇ ತಿಳಿಯುತ್ತದೆ.

ಮಾತ್ರೆಯ ಬಗ್ಗೆ ಖಾಸಗಿಯಾಗಿ ಕೇಳಿದವರಿಗೆ: ಕೂದಲು ಕೀಳುವುದನ್ನು ನಿಲ್ಲಿಸುತ್ತದೆ ಎಂದು ಭರವಸೆಯಿಂದ ಕೊಡುವ ಮಾತ್ರೆ ಇಲ್ಲ. ಜೊತೆಗೆ ಖಿನ್ನತೆಯೋ ಆತಂಕವೋ ಇದ್ದರೆ ಮನೋವೈದ್ಯರು ಅದಕ್ಕೆ ಔಷಧಿ ಕೊಡಬಹುದು. ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಎಲ್ಲಿಂದ ಶುರುಮಾಡುವುದು ಎಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ಗೆ, ಅಂದರೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ಹಣ ಬೇಕಿಲ್ಲ. ನಮ್ಮ ಮೂರೂ ಜಿಲ್ಲೆಯವರಿಗೆ ಸರ್ಕಾರದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಯೆಂದರೆ ಧಾರವಾಡದ ಡಿಮ್ಹಾನ್ಸ್. ಹೋದಲ್ಲಿ "ಹ್ಯಾಬಿಟ್ ರಿವರ್ಸಲ್ ಮಾಡಿಸುತ್ತೀರಾ?" ಎಂದು ನೇರವಾಗಿ ಕೇಳಿ. ಬರೀ ಮಾತನಾಡಿಸಿ ಧೈರ್ಯ ಹೇಳಿ ಕಳಿಸಿದರೆ ಕೈ ಏನನ್ನೂ ಕಲಿಯುವುದಿಲ್ಲ.

ರೂಮು ನಂಬರ್ 4 (ಹನ್ನೆರಡು ದಿನಗಳ ನಂತರ)

ಬೆರಳೇ ಕಳ್ಳ, ಕಣ್ಣಲ್ಲ. ಬೆರಳು ಗಲ್ಲದ ಮೇಲೆ ಓಡಾಡಿ ಉಬ್ಬು ಕಂಡುಹಿಡಿದ ಮೇಲೆಯೇ ನಾನು ಕನ್ನಡಿಗೆ ಹೋಗುವುದು. ಪಟ್ಟಿ ಸುತ್ತಿ ಓದುತ್ತಿದ್ದೇನೆ. ಪಕ್ಕದ ಹಾಸಿಗೆಯವನು ಬೆರಳಿಗೆ ಏನಾಯಿತು ಎಂದು ಕೇಳಿದ, ಹೇಳಿದೆ. ಅವನು ತನ್ನ ಉಗುರು ತೋರಿಸಿದ.

ಮೊನ್ನೆ ಅಣಕು ಪರೀಕ್ಷೆಯ ಫಲಿತಾಂಶ ಬಂದ ರಾತ್ರಿ ಪಟ್ಟಿ ಬಿಚ್ಚಿ ಮುಖ ಹಾಳುಮಾಡಿಕೊಂಡೆ. ಹತ್ತು ದಿನದ ಶ್ರಮ ನೀರಿಗೆ ಹೋಯಿತು.

ನವನಗರದ ಶಿಕ್ಷಕಿ

ನೀರಿಗೆ ಹೋಗಿಲ್ಲ ತಮ್ಮಾ. ಹತ್ತು ದಿನ ಕೈ ಕಲಿತದ್ದು ಒಂದು ರಾತ್ರಿಯಲ್ಲಿ ಮರೆಯುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಆ ರಾತ್ರಿಯನ್ನೂ ಬರೆ, ಗಂಟೆ ಸಹಿತ. ನನಗೂ ದೀಪಾವಳಿಯ ರಜೆಯಲ್ಲಿ ಹೀಗೇ ಆಯಿತು, ತವರುಮನೆಯ ಹಳೆಯ ಆರಾಮಕುರ್ಚಿ, ಎರಡು ದಿನ. "ಹೊಸ ಕುರ್ಚಿ, ಹೊಸ ಪಾಠ" ಎಂದು ಮನಶ್ಶಾಸ್ತ್ರಜ್ಞೆ ಬರೆದುಕೊಂಡರು, ಅಷ್ಟೇ. ಬೈಯುತ್ತಾರೆ ಎಂದು ಹೆದರಿ ಹೋದವಳಿಗೆ ಬೈಯದಿದ್ದದ್ದೇ ಒಂದು ಥರ ನಿರಾಸೆ.

ಗೋಕಾಕದ ಅಪ್ಪ

ಎಡಗೈ ಕಿರುಬೆರಳು. ಒಂದು ಜೋಳದ ಕಾಳಿನಷ್ಟು ಬೆಳೆದಿದೆ. ಅವನ ತಾಯಿ ಮಾತನಾಡುತ್ತಿದ್ದಾಳೆ.

ಮಗ್ಗದ ಮನೆ, ಇಳಕಲ್

ಶಿಕ್ಷಕಿಯವರೇ, ನಾನೂ ಧಾರವಾಡಕ್ಕೆ ಹೋಗಬೇಕೆಂದಿದ್ದೇನೆ. ಒಬ್ಬಳೇ ಇಷ್ಟು ದೂರ ಹೋದವಳಲ್ಲ. ನೀವು ಮತ್ತೆ ಯಾವಾಗ ಹೋಗುತ್ತೀರಿ?

ನವನಗರದ ಶಿಕ್ಷಕಿ

ಬರುವ ತಿಂಗಳು ಎರಡನೆಯ ಮಂಗಳವಾರ ನನ್ನ ಮರುಭೇಟಿ. ನೀವು ಬೆಳಿಗ್ಗೆ ಬಾಗಲಕೋಟೆಗೆ ಬಂದುಬಿಡಿ, ಹುಬ್ಬಳ್ಳಿಯ ಬಸ್ ಹಿಡಿದು ಮುಂದೆ ಹೋಗೋಣ. ಆಧಾರ್ ಕಾರ್ಡ್ ಮರೆಯಬೇಡಿ, ಟಿಕೆಟ್ ಉಚಿತ. ಕೊಂಡಿಯ ಎಳೆಯೋ ಹತ್ತಿಯೋ ಏನಾದರೂ ಚೀಲದಲ್ಲಿರಲಿ, ನನಗೂ ಸ್ವಲ್ಪ ಕೊಡಿ. ಕುಳಗೇರಿ ಕ್ರಾಸ್‌ವರೆಗೆ ಮಾತಿನಲ್ಲಿ ಕಳೆಯುತ್ತದೆ, ನರಗುಂದದಿಂದ ನವಲಗುಂದದವರೆಗೆ ಬರೀ ಎರೆಹೊಲ, ಕೈಗೆ ಅದೇ ಕೆಟ್ಟ ಹೊತ್ತು. ಮತ್ತೆ ಈಗಲೇ ಹೇಳಿಬಿಡುತ್ತೇನೆ, ಕಿಟಕಿಯ ಪಕ್ಕ ನೀವು ಕುಳಿತುಕೊಳ್ಳಿ. ನನಗೆ ಮೊಣಕೈ ಊರಲು ಜಾಗ ಸಿಗಬಾರದು.